ಹಾಲು, ಮೊಟ್ಟೆ ಒಗ್ಗದ ಮಗುವಿಗೆ ಲಸಿಕೆ ಹಾಕಿಸಬಹುದೇ?



ಒಂದೂವರೆ ವರ್ಷದ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ, ಜೊತೆಗೆ ಅವರ ಅತ್ತೆ, ನಮ್ಮ ಆಸ್ಪತ್ರೆಗೆ ಬಂದಿದ್ದರು. ಹಾಲು ಕುಡಿಸಿದರೆ ಕೂಸಿಗೆ ಹೊಟ್ಟೆ ಉಬ್ಬರ, ನೀರಿನಂತೆ ಬೇಧಿ. ತಾಯಿ ಕಾರ್ಡು ತೆಗೆದು ನೋಡಿದೆ. 9 ತಿಂಗಳವರೆಗಿನ ಲಸಿಕೆ ಎಲ್ಲ ಆಗಿತ್ತು, ಆಮೇಲಿನ ಕಾಲಂ ಖಾಲಿ ಇತ್ತು. ಕಾರಣ ಕೇಳಿದಾಗ ಅಜ್ಜಿ ಹೇಳಿದರು: “ಹಾಲೇ ಆಗಿಬರಂಗಿಲ್ಲ ಕೂಸಿಗೆ. ಅಂಥಾದ್ರಾಗ ಸೂಜಿ ಹೆಂಗ ತಡಕಂತೈತಿ ಸಿಸ್ಟರಮ್ಮಾ?”

ಅಜ್ಜಿಯ ಮಾತಿನಲ್ಲಿ ಇದ್ದದ್ದು ಮೊಮ್ಮಗನ ಮೇಲಿನ ಕಾಳಜಿ. ಇದೇ ಪ್ರಶ್ನೆಯನ್ನು ಅನೇಕ ಪಾಲಕರು ಮನಸ್ಸಿನಲ್ಲೇ ಇಟ್ಟುಕೊಂಡು ಲಸಿಕೆಯನ್ನು ಮುಂದೂಡುತ್ತಾರೆ. ಆದ್ದರಿಂದ ಎಲ್ಲರಿಗೂ ತಿಳಿಯಲೆಂದು ಇಲ್ಲಿ ಬರೆದಿದ್ದೇವೆ.

ಒಗ್ಗದಿರುವುದು ಬೇರೆ, ಅಲರ್ಜಿ ಬೇರೆ

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಜೀರ್ಣಿಸುವ ಶಕ್ತಿ ಕರುಳಿನಲ್ಲಿ ಕಡಿಮೆಯಾದಾಗ ಹೊಟ್ಟೆ ಉಬ್ಬುತ್ತದೆ, ಬೇಧಿಯಾಗುತ್ತದೆ. ಜೋರಾಗಿ ಬೇಧಿಯಾದ ಮಕ್ಕಳಲ್ಲಿ ಕೆಲವು ವಾರ ಹೀಗಾಗುವುದು ಸಾಮಾನ್ಯ. ಇದು ಕರುಳಿನ ತೊಂದರೆ. ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ. ಗೋಧಿ ಒಗ್ಗದ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂಥ ಮಕ್ಕಳಿಗೆ ಎಲ್ಲ ಲಸಿಕೆಗಳನ್ನೂ ಸಮಯಕ್ಕೆ ಸರಿಯಾಗಿ ಹಾಕಿಸಬೇಕು.

ಅಲರ್ಜಿ ಹಾಗಲ್ಲ. ಹಾಲು, ಮೊಟ್ಟೆ ಅಥವಾ ಶೇಂಗಾ ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಈ ಲಕ್ಷಣಗಳು ಕಂಡರೆ ಅದು ಅಲರ್ಜಿ ಇರಬಹುದು:

1. ಮೈಮೇಲೆ ತುರಿಕೆಯ ದದ್ದು ಏಳುವುದು
2. ತುಟಿ, ಕಣ್ಣು, ಮುಖ ಊದಿಕೊಳ್ಳುವುದು
3. ಉಸಿರಾಟಕ್ಕೆ ಕಷ್ಟ, ಗೊರಗೊರ ಸದ್ದು
4. ಮೇಲಿಂದ ಮೇಲೆ ವಾಂತಿ, ಮಗು ಸುಸ್ತಾಗಿ ಮಂಕಾಗುವುದು

ಅಲರ್ಜಿ ಇದ್ದ ಮಾತ್ರಕ್ಕೂ ಲಸಿಕೆ ನಿಲ್ಲಿಸಬೇಕಿಲ್ಲ. ಆದರೆ ಹಾಕುವ ಮೊದಲು ವೈದ್ಯರಿಗೆ, ನರ್ಸಿಗೆ ತಿಳಿಸಲೇಬೇಕು.

ಯಾವ ಅಲರ್ಜಿಗೆ ಏನು ಮಾಡಬೇಕು?

ಮೊಟ್ಟೆ: ದಡಾರದ ಲಸಿಕೆಯನ್ನು ಕೆಲವು ಕಂಪನಿಗಳು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸುತ್ತವೆ. ಹಾಗಿದ್ದರೂ ಅದರಲ್ಲಿ ಉಳಿಯುವ ಮೊಟ್ಟೆಯ ಅಂಶ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮೊಟ್ಟೆ ಅಲರ್ಜಿ ಇರುವ ಮಕ್ಕಳಿಗೂ ಇದನ್ನು ಹಾಕಬಹುದು. ಹಳದಿ ಜ್ವರದ ಲಸಿಕೆಯಲ್ಲಿ ಮಾತ್ರ ಎಚ್ಚರ ಬೇಕು. ಆದರೆ ಅದು ಕೆಲವು ವಿದೇಶಗಳಿಗೆ ಹೋಗುವವರಿಗಷ್ಟೇ ಬೇಕಾಗುತ್ತದೆ.

ಹಾಲು: ಕೆಲವು ದಡಾರ-ರುಬೆಲ್ಲಾ ಲಸಿಕೆಗಳಲ್ಲಿ ಹಾಲಿನ ಪ್ರೋಟೀನಿನಿಂದ ತಯಾರಾದ ಅಂಶ ಬಹಳ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಹಾಲು ಜೀರ್ಣವಾಗದ ಮಗುವಿಗೆ ಇದರಿಂದ ತೊಂದರೆಯಿಲ್ಲ. ಆದರೆ ಹಾಲು ಕುಡಿದಾಗ ಮುಖ ಊದಿ ಉಸಿರು ಕಟ್ಟಿದ ಮಗುವಿದ್ದರೆ ಅಂಗನವಾಡಿಯಲ್ಲಿ ಹಾಕಿಸಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಆಸ್ಪತ್ರೆಯಲ್ಲೇ ಹಾಕಿಸಿ.

ಶೇಂಗಾ: ಇದರ ಅಲರ್ಜಿ ಇದ್ದರೆ ವೈದ್ಯರಿಗೆ ತಿಳಿಸಿ, ಲಸಿಕೆ ಹಾಕಿಸಿ.

ಹಿಂದೆ ಲಸಿಕೆ ಹಾಕಿದ ಕೂಡಲೇ ಮಗುವಿಗೆ ಉಸಿರಾಟದ ತೊಂದರೆಯಾಗಿದ್ದರೆ, ವೈದ್ಯರು ನೋಡುವವರೆಗೆ ಅದೇ ಲಸಿಕೆಯನ್ನು ಮತ್ತೆ ಹಾಕಿಸಬಾರದು. ಇಂಥ ತೀವ್ರ ಅಲರ್ಜಿ ಬಹಳ ಅಪರೂಪ, ಹತ್ತು ಲಕ್ಷ ಡೋಸುಗಳಲ್ಲಿ ಸುಮಾರು ಒಂದು.

ಮುಂದೂಡಿದರೆ ಏನು ನಷ್ಟ?

ಹಾಲು ಬಿಟ್ಟು, ಊಟವೂ ಕಡಿಮೆಯಾದ ಮಗು ಸೊರಗಿರುತ್ತದೆ. ಅಂಥ ಮಗುವಿಗೆ ದಡಾರ ಬಂದರೆ ನ್ಯುಮೋನಿಯಾ, ಬೇಧಿ, ಕಣ್ಣಿನ ತೊಂದರೆ, ಅಪರೂಪಕ್ಕೆ ಮಿದುಳಿನ ಉರಿಯೂತವೂ ಆಗಬಹುದು. ‘ಅಮ್ಮ ಬಂದಿದೆ’ ಎಂದು ಮನೆಯಲ್ಲೇ ಇಟ್ಟುಕೊಂಡು ತಡ ಮಾಡಿದರೆ ಜೀವಕ್ಕೇ ಅಪಾಯ. ದಡಾರ ಗಾಳಿಯಿಂದ ಹರಡುತ್ತದೆ. ರಕ್ಷಣೆ ಇಲ್ಲದ ಹತ್ತು ಜನ ರೋಗಿಯ ಹತ್ತಿರವಿದ್ದರೆ ಒಂಬತ್ತು ಜನಕ್ಕೆ ತಗುಲಬಹುದು. ಕೊಟ್ಟೂರು ತೇರಿನಂಥ ಜನಜಂಗುಳಿಗೆ ಮಗುವನ್ನು ಕರೆದೊಯ್ಯುವವರು ಇದನ್ನು ಯೋಚಿಸಬೇಕು.

9 ತಿಂಗಳಿಗೆ ಒಂದು ಡೋಸು ಆಗಿದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳುವವರಿದ್ದಾರೆ. ಮೊದಲ ಡೋಸಿನಿಂದ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ದಡಾರದಿಂದ ರಕ್ಷಣೆ ಸಿಗುತ್ತದೆ. ಉಳಿದವರಿಗಾಗಿ ಎರಡನೆಯದು ಬೇಕು. ನಮ್ಮ ಮಗು ಯಾವ ಗುಂಪಿನಲ್ಲಿದೆ ಎಂದು ನೋಡಿ ಹೇಳಲು ಆಗುವುದಿಲ್ಲ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪಿನ ಗಾಳಿಸುದ್ದಿಗೆ ಅನೇಕ ಪಾಲಕರು ಹೆದರಿದ್ದರು. ಲಸಿಕೆಯ ಫಲ ಏನೆಂಬುದಕ್ಕೆ ಪೋಲಿಯೋ ನಮ್ಮ ಕಣ್ಣೆದುರಿಗಿದೆ. ದೇಶದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು.

16ರಿಂದ 24 ತಿಂಗಳೊಳಗೆ ಬೇಕಾದವು

• ದಡಾರ-ರುಬೆಲ್ಲಾ 2ನೇ ಡೋಸು
• ಡಿ.ಪಿ.ಟಿ. ಬೂಸ್ಟರ್
• ಪೋಲಿಯೋ ಹನಿ ಬೂಸ್ಟರ್
• ಮಿದುಳು ಜ್ವರದ (ಜೆ.ಇ.) ಲಸಿಕೆ 2ನೇ ಡೋಸು, ಈ ಲಸಿಕೆ ಕೊಡುವ ಜಿಲ್ಲೆಗಳಲ್ಲಿ
• ವಿಟಮಿನ್ ಎ ದ್ರಾವಣ

ಇವು ಸರ್ಕಾರದಿಂದ ಉಚಿತ. ದಿನ ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ದಡಾರ-ರುಬೆಲ್ಲಾ ಲಸಿಕೆಯನ್ನು 5 ವರ್ಷದವರೆಗೂ ಹಾಕಿಸಬಹುದು.

ಲಸಿಕೆಯ ದಿನ ನೆನಪಿಡಿ

1. ತಾಯಿ ಕಾರ್ಡು ತನ್ನಿ. ಯಾವ ಆಹಾರದಿಂದ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಚೀಟಿಯಲ್ಲಿ ಬರೆದು ತನ್ನಿ.
2. ಸಣ್ಣ ನೆಗಡಿ, ಸ್ವಲ್ಪ ಬೇಧಿ ಇದ್ದರೂ ಹಾಕಿಸಬಹುದು. ಜೋರು ಜ್ವರ ಇದ್ದರೆ ವೈದ್ಯರನ್ನು ಕೇಳಿ.
3. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ಆಗುವುದಾದರೆ ಹೆಚ್ಚಾಗಿ ಈ ಅವಧಿಯಲ್ಲೇ ಆಗುತ್ತದೆ. ಅದಕ್ಕೆ ಬೇಕಾದ ಔಷಧಿ ಸಿಬ್ಬಂದಿಯ ಬಳಿ ಇರುತ್ತದೆ.
4. ಒಂದೆರಡು ದಿನ ಜ್ವರ, ಸೂಜಿ ಚುಚ್ಚಿದ ಜಾಗದಲ್ಲಿ ನೋವು, ಬಾವು ಬರಬಹುದು. ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಡಿ. ದಡಾರದ ಲಸಿಕೆಯ ಜ್ವರ ಒಂದು ವಾರದ ನಂತರವೂ ಬರಬಹುದು.
5. ಮನೆಗೆ ಹೋದ ಮೇಲೆ ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಆ ಅಜ್ಜಿಗೆ ಇಷ್ಟನ್ನೂ ಬಿಡಿಸಿ ಹೇಳಿದೆವು. ಕೂಸಿಗೆ ದದ್ದು, ಬಾವು ಎಂದೂ ಬಂದಿರಲಿಲ್ಲ. ವೈದ್ಯರು ಪರೀಕ್ಷಿಸಿ ಲಸಿಕೆ ಬರೆದುಕೊಟ್ಟರು. ಹಾಲಿನ ಬದಲು ಸದ್ಯಕ್ಕೆ ಮೊಸರು, ರಾಗಿ ಗಂಜಿ, ಹೆಸರುಬೇಳೆ ಕೊಡಿ, ಎದೆಹಾಲು ಮಾತ್ರ ಬಿಡಿಸಬೇಡಿ ಎಂದೂ ತಿಳಿಸಿದರು. ಅರ್ಧ ಗಂಟೆ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು ಅಜ್ಜಿಯೇ. ಮರುದಿನ ಫೋನ್ ಮಾಡಿ, “ರಾತ್ರಿ ಒಂದೀಟು ಮೈ ಬಿಸಿ ಆಗಿತ್ತು, ಈಗ ಆಡಕತ್ತಾನ” ಎಂದರು.

ನಿಮ್ಮ ಮನಸ್ಸಿನಲ್ಲೂ ಇಂಥ ಅನುಮಾನವಿದ್ದರೆ ಅದನ್ನು ಇಟ್ಟುಕೊಂಡು ಲಸಿಕೆ ಬಿಡಬೇಡಿ. ನಮ್ಮ ಬಳಿ, ನಿಮ್ಮೂರ ಆಶಾ ಕಾರ್ಯಕರ್ತೆಯ ಬಳಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.