ಹೊಟ್ಟೆಯಲ್ಲಿರುವ ಮಗುವಿಗಾಗಿ ಮನೆಯವರೆಲ್ಲರ ವ್ರತ



ನ್ಯಾಯಸ್ಥಾಪಕರ ಗ್ರಂಥದ 13ನೇ ಅಧ್ಯಾಯವನ್ನು ಓದಿರಿ. ಸಂಸೋನನನ್ನು ಹೊರಲಿರುವ ತಾಯಿ ಮದ್ಯ ಮುಟ್ಟಬಾರದೆಂದು ದೇವದೂತನು ಆಕೆಗೆ ಹೇಳುತ್ತಾನೆ. ಬಳಿಕ ಗಂಡ ಮಾನೋಹನು ಕೇಳಿದಾಗ ಅವನಿಗೂ ಅದನ್ನೇ ತಿಳಿಸುತ್ತಾನೆ. ಅಲ್ಲಿ ಅದು ದೇವರಿಗೆ ಮೀಸಲಾದ ಮಗುವಿನ ವ್ರತ. ಇಂದು ವೈದ್ಯರು ಎಲ್ಲ ಗರ್ಭಿಣಿಯರಿಗೂ ಅದೇ ಬುದ್ಧಿಮಾತು ಹೇಳುತ್ತಾರೆ.

ತಾಯಿ ಕುಡಿದ ಮದ್ಯ ಆಕೆಯ ರಕ್ತದಿಂದ ಮಾಸಿನ ಮೂಲಕ ಮಗುವಿಗೆ ಸೇರುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಎಳೆಯ ಲಿವರ್‌ಗೆ ಇರುವುದಿಲ್ಲ. ಗರ್ಭಪಾತವಾಗಬಹುದು, ಮಗುವಿನ ತೂಕ ಕುಗ್ಗಬಹುದು, ಮಿದುಳಿಗೆ ಪೆಟ್ಟಾಗಬಹುದು. ಇದಕ್ಕೆ 1973ರಲ್ಲಿ ಅಮೆರಿಕದ ವೈದ್ಯರು ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಕೆಲವು ಮಕ್ಕಳು ನೋಡಲು ಚೆನ್ನಾಗಿಯೇ ಇರುತ್ತಾರೆ. ಶಾಲೆಗೆ ಹೋದ ಮೇಲೆ ಪಾಠ ನೆನಪಿನಲ್ಲಿ ಉಳಿಯದು, ಒಂದೆಡೆ ಕೂರಲಾಗದು.

ಆಂಧ್ರದಲ್ಲಿ 1995ರಲ್ಲಿ ಬಂದ ಪಾನನಿಷೇಧ 1997ರಲ್ಲಿ ಸಡಿಲವಾಯಿತು. ರಾಯದುರ್ಗಕ್ಕೆ ಬಳ್ಳಾರಿ ಹತ್ತಿರ, ಮಡಕಶಿರಕ್ಕೆ ಪಾವಗಡ ಹತ್ತಿರ. ಗಡಿ ದಾಟಿದರೆ ಕಾನೂನೇ ಬೇರೆ. ಆದ್ದರಿಂದ ಮನೆಯ ನಿಯಮವನ್ನು ನಾವೇ ಕಾಯಬೇಕು.

1. ಸೇಂದಿ, ಬೀರು, ವೈನು, ಬ್ರಾಂದಿ ಎಲ್ಲವೂ ಮದ್ಯವೇ. ಗರ್ಭಿಣಿಗೆ ‘ಇಷ್ಟು ಕುಡಿದರೆ ತೊಂದರೆಯಿಲ್ಲ’ ಎಂಬ ಅಳತೆಯಿಲ್ಲ, ‘ಈ ತಿಂಗಳಲ್ಲಿ ಪರವಾಗಿಲ್ಲ’ ಎಂಬುದೂ ಇಲ್ಲ. ಬಾಣಂತಿಗೂ ಬ್ರಾಂದಿ ಕೊಡಬೇಡಿ; ಅದು ಎದೆಹಾಲಿಗೆ ಸೇರುತ್ತದೆ.

2. ಗಂಡಂದಿರೇ, ಆ ಒಂಬತ್ತು ತಿಂಗಳು ಮನೆಗೆ ಬಾಟಲಿ ತರಬೇಡಿ, ನೀವೂ ಬಿಡಿ. ಕುಡಿದವರ ನಡುವೆ ಒಬ್ಬಳೇ ವ್ರತ ಹಿಡಿಯುವುದು ಕಷ್ಟ.

3. ಬಸಿರೆಂದು ತಿಳಿಯುವ ಮುಂಚೆ ಕುಡಿದಿದ್ದರೆ ಮುಚ್ಚಿಡಬೇಡಿ. ಯಾವ ತಿಂಗಳಲ್ಲಿ ನಿಲ್ಲಿಸಿದರೂ ಮಗುವಿಗೆ ಒಳ್ಳೆಯದೇ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ಡಾಕ್ಟರಿಗೆ ನಿಜ ಹೇಳಿ.

4. ದಿನವೂ ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು. ವೈದ್ಯರ ಆರೈಕೆಯಲ್ಲೇ ಬಿಡಬೇಕು. ವ್ಯಸನಮುಕ್ತಿಯ ಸಹಾಯವಾಣಿ 14446ಕ್ಕೆ ಕರೆ ಉಚಿತ.

5. ಹುಟ್ಟಿದ ಮಗುವಿಗೆ ಹಾನಿಯಾಗಿದ್ದರೆ ಅದನ್ನು ಪೂರ್ತಿ ವಾಸಿಮಾಡುವ ಔಷಧಿಯಿಲ್ಲ. ಆದರೂ ಬೇಗ ಗುರುತಿಸಿ, ತಾಳ್ಮೆಯಿಂದ ಕಲಿಸಿದರೆ ಮಗು ಎಷ್ಟೋ ಸುಧಾರಿಸುತ್ತದೆ. ‘ದಡ್ಡ’ ಎಂದು ಹೊಡೆಯಬೇಡಿ.

ತಾಯಿಯನ್ನು ದೂರಿದರೆ ಆಕೆ ಮರೆಯಲ್ಲಿ ಕುಡಿಯುತ್ತಾಳೆ. ಜೊತೆಗೆ ನಿಂತರೆ ಆಸ್ಪತ್ರೆಗೆ ಬರುತ್ತಾಳೆ.

ಮನೆಯಲ್ಲಿ ಮಾತಾಡಿಕೊಳ್ಳಿ: ನಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಈಗ ಬಸುರಿ ಯಾರಿದ್ದಾರೆ? ಆಕೆಗಾಗಿ ಈ ವಾರ ನಾವು ಏನನ್ನು ಬಿಡುತ್ತೇವೆ?