ಕೇಳದೆ ಬಿಟ್ಟವರ ಲೆಕ್ಕ

ಬಸ್ರೂರು

ಚಿ| ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನಗೆ ವಸತಿ ಶಾಲೆಯಲ್ಲಿ ವಾರ್ಡನ್ ಕೆಲಸ ಆಯಿತೆಂದು ಗೊತ್ತಾದ ದಿನವೇ ನಿನ್ನ ದೊಡ್ಡಪ್ಪ ಮಹಾಲಿಂಗೇಶ್ವರನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಊಟ ಹೇಗೆ, ರೂಮು ಹೇಗೆ ಎಂದೆಲ್ಲ ಅವರು ಫೋನಿನಲ್ಲಿ ಕೇಳಿಯಾಗಿದೆ. ನಾನು ಕಾಗದ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಮೊನ್ನೆ ನೀನು ನಗಾಡುತ್ತಾ ಹೇಳಿದೆ: "ಪೋಕ್ಸೋ ಬಗ್ಗೆ ತರಬೇತಿ ಕೊಟ್ರು ದೊಡ್ಡಮ್ಮ. ನಮ್ದು ಬರೀ ಗಂಡು ಹುಡುಗರ ಹಾಸ್ಟೆಲ್. ಅದೆಲ್ಲ ಲೇಡೀಸ್ ಹಾಸ್ಟೆಲ್ ಮೇಡಂಗೆ ಬೇಕಾದ್ದು." ಎದುರಿಗೆ ನೆಂಟರಿದ್ದರು, ನಾನು ಮಾತು ಬೆಳೆಸಲಿಲ್ಲ.

ಆರೋಗ್ಯ ಇಲಾಖೆಯ ಸಿಸ್ಟರ್ ಆಗಿ ಬಳ್ಕೂರು, ಕಂಡ್ಲೂರು, ಆನಗಳ್ಳಿ ಕಡೆ ಮನೆಮನೆ ತಿರುಗಿದವಳು ನಾನು. ಬಾಣಂತಿಯ ಕೋಣೆಯೊಳಗೆ, ಮುದುಕರ ಮಂಚದ ಬದಿಗೆ ಹೋಗಿ ಕೂರುವ ಸಲಿಗೆ ಆ ಕೆಲಸದವರಿಗೆ ಸಿಗುತ್ತದೆ. ಅಲ್ಲಿ ಕಿವಿಗೆ ಬಿದ್ದದ್ದರಿಂದ ಹೇಳುತ್ತೇನೆ. ಲೈಂಗಿಕ ದೌರ್ಜನ್ಯ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ನಾವು ಮೊದಲೇ ತೀರ್ಮಾನ ಮಾಡಿ ಇಟ್ಟುಕೊಂಡಿದ್ದೇವಲ್ಲ, ಉಳಿದವರ ಬಾಯಿ ಕಟ್ಟುವುದು ಆ ತೀರ್ಮಾನವೇ.

ನಮ್ಮೂರಿನ ಚರಿತ್ರೆ ಹೇಳುವಾಗ 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದದ್ದನ್ನು ಹೇಳುತ್ತೇವೆ, ಪೋರ್ಚುಗೀಸರನ್ನು ನೆನೆಯುತ್ತೇವೆ. ಇಲ್ಲಿಂದ ಹೊರಟು ಹೋದವರ ಚರಿತ್ರೆಯೂ ಒಂದುಂಟು. ಒಂದು ಕಾಲದಲ್ಲಿ ಕುಂದಾಪುರ ತಾಲೂಕಿನ ಬಡವರ ಮನೆಗಳಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಶಾಲೆ ಬಿಟ್ಟು ಬೊಂಬಾಯಿ, ಬೆಂಗಳೂರು, ಹುಬ್ಬಳ್ಳಿಯ ಹೋಟೆಲುಗಳಿಗೆ ಮಾಣಿಗಳಾಗಿ ಹೋದರು. ಹಗಲು ಲೋಟ ತೊಳೆದು ಮೇಜು ಒರೆಸಿ, ರಾತ್ರಿ ಹೋಟೆಲಿನ ಬಾಗಿಲು ಎಳೆದ ಮೇಲೆ ಅದೇ ಮೇಜಿನ ಮೇಲೋ, ರುಬ್ಬುವ ಕಲ್ಲಿನ ಬದಿಗೋ, ದೊಡ್ಡವರ ಸಾಲಿನಲ್ಲಿ ಮಲಗಿದವರು. ಅವರಲ್ಲಿ ಕೆಲವರು ಮುಂದೆ ಮಾಲೀಕರಾಗಿ ಊರಿನ ದೇವಸ್ಥಾನಕ್ಕೆ ಹೆಬ್ಬಾಗಿಲು ಕಟ್ಟಿಸಿದ ಕಥೆ ಎಲ್ಲರಿಗೂ ಗೊತ್ತು. ಹೋಟೆಲು, ಢಾಬಾ, ಮನೆಗೆಲಸಕ್ಕೆ ಹದಿನಾಲ್ಕು ತುಂಬದ ಮಕ್ಕಳನ್ನು ಇಟ್ಟುಕೊಳ್ಳಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗಿನ ಆ ರಾತ್ರಿಗಳ ಲೆಕ್ಕವನ್ನು ಯಾರೂ ಕೇಳಲಿಲ್ಲ.

ನಾನು ಬಿಪಿ ನೋಡಲು ಹೋಗುತ್ತಿದ್ದ ಒಂದು ಮನೆಯ ಅಜ್ಜ ಹಾಗೆ ಹೋಗಿ ಬಂದವರು. ಅವರ ಹೆಸರು, ಊರು ನಿನಗೆ ಬೇಡ. ಮೊಮ್ಮಗನನ್ನು ಹಾಸ್ಟೆಲ್ಲಿಗೆ ಸೇರಿಸುವ ಮಾತು ಬಂದಾಗ ಕೂಡದೆಂದು ಹಟ ಹಿಡಿದು ಊಟ ಬಿಟ್ಟಿದ್ದರು. ಮುದುಕನಿಗೆ ಅರಳುಮರಳು, ನೀವಾದರೂ ಒಂದು ಮಾತು ಹೇಳಿ ಸಿಸ್ಟರ್ ಎಂದು ಸೊಸೆ ನನ್ನನ್ನು ಒಳಗೆ ಕಳಿಸಿದಳು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದೆ. ಅಜ್ಜ ನನ್ನ ಮುಖ ನೋಡಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು. "ಗಂಡ್ ಹುಡ್ಗನ್ಗೆ ಎಂತ ಆತ್ತ್ ಅಂಬ್ರ್. ನಂಗೆ ಆಯಿತ್ ಸಿಸ್ಟರ್" ಎಂದರು. ಎರಡು ವರ್ಷ, ಜೊತೆಗೆ ಮಲಗುತ್ತಿದ್ದ ದೊಡ್ಡ ಕೆಲಸಗಾರ. ಮನೆಗೆ ಕಾಗದ ಬರೆಸಬೇಕಾದರೂ ಅವನೇ ಬರೆದುಕೊಡಬೇಕು. ಮದುವೆಯಾಗಿ, ಮಕ್ಕಳಾಗಿ, ಹೆಂಡತಿ ತೀರಿಹೋದರೂ ಅವರು ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಮನೆಯವರಿಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡರು. ನಾನು ಹೊರಗೆ ಬಂದು ಸೊಸೆಗೆ ಹೇಳಿದ್ದು ಇಷ್ಟೇ: ಅಜ್ಜನದ್ದು ಅರಳುಮರಳಲ್ಲ, ಹುಡುಗನನ್ನು ಕಳಿಸುವ ಮೊದಲು ಹಾಸ್ಟೆಲಿಗೆ ಹೋಗಿ, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂದು ನೋಡಿಕೊಂಡು ಬನ್ನಿ.

ಒಬ್ಬ ಮುದುಕನ ಮಾತು ಹಿಡಿದು ದೊಡ್ಡಮ್ಮ ಉಪದೇಶಕ್ಕೆ ಕೂತಳು ಎಂದುಕೊಳ್ಳಬೇಡ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಎಂದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಗಂಡು ಮಕ್ಕಳು. ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಜಗತ್ತಿನ ಲೆಕ್ಕವನ್ನು ಯುನಿಸೆಫ್ 2024ರ ಅಕ್ಟೋಬರಿನಲ್ಲಿ ಕೊಟ್ಟಿತು. ಹದಿನೆಂಟು ತುಂಬುವ ಮೊದಲು ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಗೆ ಸಿಕ್ಕವರು ಹೆಣ್ಣುಗಳಲ್ಲಿ ಎಂಟಕ್ಕೆ ಒಬ್ಬರು, ಗಂಡುಗಳಲ್ಲಿ ಹನ್ನೊಂದಕ್ಕೆ ಒಬ್ಬರು. ನಿನ್ನ ಹಾಸ್ಟೆಲಿನಲ್ಲಿ ಊಟಕ್ಕೆ ಕೂರುವ ಪಂಕ್ತಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೋ.

ಇದನ್ನು ಹೇಳಿ ಹೆಣ್ಣುಮಕ್ಕಳ ಸಂಕಟವನ್ನು ಕಡಿಮೆ ಮಾಡುತ್ತಿದ್ದೇನೆ ಎಂದೂ ತಿಳಿಯಬೇಡ. ಅದರ ಗಾತ್ರ ನನಗೆ ನಿನಗಿಂತ ಚೆನ್ನಾಗಿ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಜನ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದು ಹೇಳಿದರು. ದೇಶದಲ್ಲೇ ಅದು ಮೊದಲ ಸ್ಥಾನ. ಹದಿನೆಂಟರಿಂದ ಇಪ್ಪತ್ತೊಂಬತ್ತರ ಒಳಗಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 11 ಜನರಿಗೆ ಹದಿನೆಂಟು ತುಂಬುವ ಮೊದಲೇ ಲೈಂಗಿಕ ಹಿಂಸೆಯಾಗಿತ್ತು. ಇಡೀ ದೇಶದ ಸರಾಸರಿ ನೂರಕ್ಕೆ ಎರಡನ್ನೂ ಮುಟ್ಟದಿರುವಾಗ ನಮ್ಮದು ಹನ್ನೊಂದು. ಉಳಿದ ರಾಜ್ಯಗಳಲ್ಲಿ ನಿಜಕ್ಕೂ ಅಷ್ಟು ಕಡಿಮೆಯೋ, ನಮ್ಮ ಹುಡುಗಿಯರು ಬಾಯಿಬಿಟ್ಟು ಹೇಳಿದರೋ, ನೀನೇ ಯೋಚನೆ ಮಾಡು.

ಆ ಸಮೀಕ್ಷೆ ಮಾಡುವ ಕ್ರಮವನ್ನೂ ಕೇಳು. ಒಂದು ಮನೆಯಲ್ಲಿ ಎಷ್ಟೇ ಹೆಂಗಸರಿರಲಿ, ಈ ಪ್ರಶ್ನೆಗಳನ್ನು ಒಬ್ಬಳಿಗೆ ಮಾತ್ರ ಕೇಳುತ್ತಾರೆ. ಪಕ್ಕದಲ್ಲಿ ಯಾರೂ ಇರಬಾರದು. ಅತ್ತೆಯೋ ಗಂಡನೋ ಬಂದರೆ ಪ್ರಶ್ನೆ ನಿಲ್ಲಿಸುತ್ತಾರೆ. ಒಳ್ಳೆಯ ಕ್ರಮ. ಆದರೆ ಕೇಳುವುದು ನಲವತ್ತೊಂಬತ್ತರವರೆಗಿನ ಹೆಂಗಸರಿಗೆ. ಐವತ್ತಾದವಳಿಗೆ ಆ ಪ್ರಶ್ನೆಯೇ ಇಲ್ಲ. ಅದೇ ಸಮೀಕ್ಷೆಯಲ್ಲಿ ಗಂಡಸರನ್ನೂ ಮಾತಾಡಿಸುತ್ತಾರೆ, ಆದರೆ ನಿನಗೆ ಹೀಗೆ ಆಗಿದೆಯಾ ಎಂದು ಅವರನ್ನು ಕೇಳುವುದಿಲ್ಲ. ಹೀಗೆ ಮುದುಕಿಯರ ಲೆಕ್ಕವೂ ಗಂಡಸರ ಲೆಕ್ಕವೂ ಬರೆಯದೆ ಉಳಿಯುತ್ತದೆ. ಬರೆಯದ್ದನ್ನು ಜನ ಆಗದ್ದು ಎಂದೇ ಓದುತ್ತಾರೆ.

ಮುದುಕಿಯರಿಗೂ ಇಂಥದ್ದುಂಟಾ ಎಂದು ನಿನಗೆ ಅನಿಸಬಹುದು. ಪೊಲೀಸ್ ದಾಖಲೆ ಸೇರಿಸುವ ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯವರು ಅತ್ಯಾಚಾರಕ್ಕೆ ಒಳಗಾದವರ ವಯಸ್ಸಿನ ಪಟ್ಟಿ ಮಾಡುತ್ತಾರೆ. ಆರು ವರ್ಷದೊಳಗಿನವರಿಂದ ಅದು ಶುರುವಾಗುತ್ತದೆ, ಅರವತ್ತು ದಾಟಿದವರಿಗೂ ಅಲ್ಲೊಂದು ಕಾಲಂ ಇದೆ. 2022ರಲ್ಲಿ ದೇಶದಲ್ಲಿ ದಾಖಲಾದದ್ದು 31,516 ಪ್ರಕರಣ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಅತ್ಯಾಚಾರದ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಅವನು ಹೈಕೋರ್ಟಿಗೆ ಹೋಗಿದ್ದಾನೆ. ಆ ಪ್ರಕರಣದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದವಳು ಅವರ ಮನೆತನಕ್ಕೆ ಕೆಲಸ ಮಾಡಿಕೊಂಡಿದ್ದ ನಡುವಯಸ್ಸಿನ ಹೆಂಗಸು. ಅವಳ ಸೀರೆಯೇ ದೊಡ್ಡ ಸಾಕ್ಷ್ಯವಾಯಿತು.

ನಮ್ಮ ಜಿಲ್ಲೆಯೂ ಬೀದಿಗಿಳಿದದ್ದುಂಟು. 2013ರಲ್ಲಿ ಮಣಿಪಾಲದ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾದಾಗ, 2015ರಲ್ಲಿ ಬೈಂದೂರಿನ ಕಾಲೇಜು ಹುಡುಗಿ ಮನೆಗೆ ನಡೆದು ಬರುವ ದಾರಿಯಲ್ಲಿ ಕೊಲೆಯಾದಾಗ, ಊರಿಗೆ ಊರೇ ಕುದಿಯಿತು. ಕುದಿಯಬೇಕಾದ್ದೇ. ಆಮೇಲೆ ಏನಾಯಿತು? ಹೆಣ್ಣುಮಕ್ಕಳು ಆರು ಗಂಟೆಯೊಳಗೆ ಮನೆ ಸೇರಬೇಕೆಂದು ಎಲ್ಲ ಮನೆಗಳಲ್ಲೂ ಕಟ್ಟಪ್ಪಣೆ. ಆರರ ಮೇಲೆ ಮನೆಯೊಳಗೇ ಆಗುವುದಕ್ಕೆ ಏನು ಅಪ್ಪಣೆ ಎಂದು ಯಾರೂ ಮಾತೆತ್ತಲಿಲ್ಲ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಇಡೀ ದೇಶದಲ್ಲಿ ಲೈಂಗಿಕ ಹಿಂಸೆಯಾಗಿದೆ ಎಂದ ವಿವಾಹಿತೆಯರಲ್ಲಿ ನೂರಕ್ಕೆ 82 ಜನ ತೋರಿಸಿದ್ದು ಈಗಿನ ಗಂಡನನ್ನು. ಅದು ಅತ್ಯಾಚಾರವೆಂದು ನಮ್ಮ ಕಾನೂನು ಇನ್ನೂ ಒಪ್ಪಿಲ್ಲ. ಹೆಂಡತಿಗೆ ಹದಿನೆಂಟು ತುಂಬಿದ್ದರೆ ಗಂಡನಿಗೆ ವಿನಾಯಿತಿ.

ಗಂಡೂ ಹೆಣ್ಣೂ ಅಲ್ಲವೆಂದು ಮನೆಯಿಂದ ಹೊರಬಿದ್ದವರ ಪಾಡು ಇನ್ನೂ ಕಷ್ಟ. ಪದ್ಮಶ್ರೀ ಮಂಜಮ್ಮ ಜೋಗತಿ ತಮ್ಮ ಮೇಲೆ ನಡೆದ ಅತ್ಯಾಚಾರವನ್ನು ಬಹಿರಂಗವಾಗಿ ಹೇಳಿಕೊಂಡವರು. ಲಿಂಗತ್ವ ಅಲ್ಪಸಂಖ್ಯಾತರಿಗಾಗಿ 2019ರಲ್ಲಿ ಬಂದ ಕಾಯಿದೆಯಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆ. ಹೆಂಗಸಿನ ಮೇಲಿನ ಅತ್ಯಾಚಾರಕ್ಕೆ ಕಡಿಮೆಯೆಂದರೆ ಹತ್ತು ವರ್ಷ. ನಿನ್ನ ಹಾಸ್ಟೆಲಿನಲ್ಲಿ ನಡಿಗೆ ಮೆದು, ದನಿ ತೆಳು ಎಂದು ಉಳಿದವರು ಗೇಲಿ ಮಾಡುವ ಹುಡುಗ ಒಬ್ಬನಾದರೂ ಇರುತ್ತಾನೆ. ಮೊದಲು ಅವನ ಮೇಲೆ ಕಣ್ಣಿಡು.

ಈಗ ನಿನ್ನ ಕೆಲಸದ ಮಾತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂತು. ಅದಕ್ಕೆ ಹದಿನೆಂಟು ತುಂಬದ ಹುಡುಗನೂ ಮಗು, ಹುಡುಗಿಯೂ ಮಗು. ಮಾಡಿದವಳು ಹೆಂಗಸಾದರೂ ಬಿಡುವುದಿಲ್ಲ. ಹದಿಮೂರು ವರ್ಷದ ಹುಡುಗನ ಮೇಲೆ ದೌರ್ಜನ್ಯ ಮಾಡಿದ ಆರೋಪದ ಐವತ್ತೆರಡು ವರ್ಷದ ಹೆಂಗಸೊಬ್ಬಳು ಕೇಸು ರದ್ದು ಮಾಡಿ ಎಂದು ಕೇಳಿದಾಗ, ಕರ್ನಾಟಕ ಹೈಕೋರ್ಟು 2025ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ. ಆರೋಪದ ಸತ್ಯಾಸತ್ಯ ವಿಚಾರಣೆಗೆ ಬಿಟ್ಟದ್ದು. ಈ ಕಾಯಿದೆಗೆ ಗಂಡು ಹೆಣ್ಣಿನ ಭೇದವಿಲ್ಲ ಎಂದು ಹೈಕೋರ್ಟು ಸ್ಪಷ್ಟವಾಗಿ ಹೇಳಿದ್ದನ್ನು ನೀನು ನೆನಪಿಡು. ದೂರು ಕೊಡಲು ನಾಲ್ಕು ವರ್ಷ ತಡವಾಯಿತು ಎಂಬ ತಕರಾರಿಗೂ ನ್ಯಾಯಾಲಯ ಮಣಿಯಲಿಲ್ಲ. ನಮ್ಮ ಅಜ್ಜನಿಗೆ ಅದನ್ನು ಬಾಯಿಬಿಟ್ಟು ಹೇಳಲು ಒಂದು ಆಯುಷ್ಯವೇ ಬೇಕಾಯಿತಲ್ಲ.

ನಿನ್ನಲ್ಲಿ ಪಿಯುಸಿ ಹುಡುಗರೂ ಇದ್ದರೆ ಇದನ್ನೂ ತಿಳಿದಿರು. ಹದಿನೆಂಟು ತುಂಬಿದ ಮೇಲೆ ಆದದ್ದಕ್ಕೆ ಹುಡುಗನಿಗೆ ಪೋಕ್ಸೋ ಇಲ್ಲ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರವೆಂದರೆ ಹೆಣ್ಣಿನ ಮೇಲೆ ಗಂಡು ಮಾಡಿದ್ದು ಮಾತ್ರ. ಹಳೆಯ ದಂಡ ಸಂಹಿತೆಯ 377ನೇ ಕಲಮಿನಲ್ಲಿ ವಯಸ್ಕ ಗಂಡಸಿಗೆ ಇದ್ದ ಚೂರು ಆಸರೆಯೂ ಹೋಯಿತು. ಅದನ್ನು ಉಳಿಸಿಕೊಳ್ಳಿ ಎಂದು ಸಂಸತ್ತಿನ ಸ್ಥಾಯಿ ಸಮಿತಿ 2023ರಲ್ಲೇ ಹೇಳಿತ್ತು, ಸರಕಾರ ಕೇಳಲಿಲ್ಲ. ಹೊಡೆತ, ಗಾಯ, ಬೆದರಿಕೆಯ ಕಲಮುಗಳಡಿ ದೂರು ಕೊಡಬಹುದು, ಕೊಡಿಸು. ಕಾನೂನಿನಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆದದ್ದು ಆಗದೆ ಹೋಗುವುದಿಲ್ಲ.

ಹುಡುಗನೊಬ್ಬ ಬಂದು ಹೇಳಿದ ಎಂದುಕೋ. ನಿಜವಾ, ಯಾಕೆ ಸುಮ್ಮನಿದ್ದೆ, ಓಡಬಾರದಿತ್ತಾ ಎಂದೆಲ್ಲ ಕೇಳಬೇಡ. "ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ" ಎಂದು ಮೊದಲು ಹೇಳು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾತ್ರ ಹಾಕಬೇಡ, ಅದನ್ನು ಉಳಿಸಿಕೊಳ್ಳಲು ನಿನ್ನಿಂದ ಆಗುವುದಿಲ್ಲ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸಜೆ, ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಶಾಲೆಯ ಮರ್ಯಾದೆ ಎಂದು ಯಾರಾದರೂ ನಿನ್ನ ಹೆಗಲ ಮೇಲೆ ಕೈಹಾಕಿ ಹೇಳಿದರೆ ಈ ಸಾಲನ್ನು ಅವರಿಗೆ ಓದಿ ಹೇಳು. ಮಕ್ಕಳ ಸಹಾಯವಾಣಿ 1098, ಹೆಂಗಸರಿಗೆ 181, ಹಿರಿಯರಿಗೆ 14567, ತುರ್ತಿಗೆ 112. ಮಗುವಿನ ಹೇಳಿಕೆಯನ್ನು ಪೊಲೀಸರು ಅದರ ಮನೆಯಲ್ಲೋ ಅದು ಬಯಸಿದ ಕಡೆಯಲ್ಲೋ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. ಹೆಸರು ಹೊರಗೆ ಬರಕೂಡದು, ಸ್ಟಾಫ್ ರೂಮಿನಲ್ಲೂ ಸಹ.

ಸಿಸ್ಟರ್ ಆಗಿ ಇನ್ನೊಂದು ಮಾತು. ಸ್ನಾನ ಮಾಡಿಸುವ, ಬಟ್ಟೆ ಒಗೆಯುವ ಅವಸರ ಬೇಡ. ಬಟ್ಟೆಯನ್ನು ಪ್ಲಾಸ್ಟಿಕ್ಕಿಗೆ ತುರುಕದೆ ಕಾಗದದ ಚೀಲದಲ್ಲಿಡು. ಆಸ್ಪತ್ರೆಗೆ ಹೋಗಲು ಎಫ್‌ಐಆರ್ ಬೇಕಿಲ್ಲ. ಸರಕಾರಿಯಿರಲಿ ಖಾಸಗಿಯಿರಲಿ, ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು.

ಇಷ್ಟೆಲ್ಲ ಆದ ಮೇಲಿನ ದಾರಿ. ಮೊದಲಿನ ದಾರಿ ನಿನ್ನ ಕೈಯಲ್ಲೇ ಇದೆ. ಬರುವ ವಾರ ಹುಡುಗರನ್ನೆಲ್ಲ ಕೂರಿಸಿಕೊಂಡು, ಹುಡುಗರಿಗೂ ಹೀಗೆ ಆಗುವುದುಂಟು, ಆದರೆ ನನ್ನ ಹತ್ತಿರ ಬನ್ನಿ, ನನ್ನಿಂದಲೇ ತೊಂದರೆಯಾದರೆ 1098ಕ್ಕೆ ಫೋನ್ ಮಾಡಿ ಎಂದು ಗಟ್ಟಿಯಾಗಿ ಹೇಳು. ಕೊನೆಯ ಮಾತನ್ನು ಹೇಳುವಾಗ ನಾಚಬೇಡ, ಅದನ್ನು ಕೇಳಿದ ಮೇಲೆಯೇ ಹುಡುಗರು ಉಳಿದದ್ದನ್ನು ನಂಬುವುದು. ನಂಬರನ್ನು ಆಫೀಸಿನ ಗೋಡೆಗೆ ಅಂಟಿಸಬೇಡ, ಹುಡುಗರು ದಿನಾ ಓಡಾಡುವ ಊಟದ ಹಾಲಿನಲ್ಲಿ ಅಂಟಿಸು. ದೊಡ್ಡ ಹುಡುಗರ ನಡುವೆ ಸಣ್ಣವರನ್ನು ಮಲಗಿಸಬೇಡ. ರಾತ್ರಿ ಒಂದು ಸುತ್ತು ಹೋಗಿ ಬಾ, ದಿನಾ ಒಂದೇ ಹೊತ್ತಿಗೆ ಹೋಗಬೇಡ.

ಇದನ್ನು ಮಾಡಿದ ಸಂಜೆ ನನಗೆ ಫೋನ್ ಮಾಡು. ಹುಡುಗರು ನಕ್ಕರಾ, ತಲೆ ತಗ್ಗಿಸಿದರಾ, ಯಾರು ಏನು ಕೇಳಿದರು, ಎಲ್ಲ ಹೇಳಬೇಕು. ಲೇಡೀಸ್ ಹಾಸ್ಟೆಲ್ ಮೇಡಂ ಹತ್ತಿರವೂ ಮಾತಾಡು, ಅವರಿಗೆ ಅನುಭವ ಹೆಚ್ಚಿರುತ್ತದೆ, ಕೇಳಿ ಕಲಿತುಕೋ.

ಇತಿ,
ನಿನ್ನ ದೊಡ್ಡಮ್ಮ