ಹೊಂಡದ ಮೀನಿಗೆ ಜಡ್ಡಾದರೆ ನೀಲಿ ಡ್ರಮ್ಮೇ ದವಾಖಾನೆ

ಕಲ್ಲೂರು, ಮಾನ್ವಿ, ದೇವದುರ್ಗ ಕಡೆ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಟ್ಟವರು ದಿನಾ ನಸುಕಿನಲ್ಲಿ ಒಮ್ಮೆ ದಂಡೆಗೆ ಹೋಗಿ ನಿಲ್ಲಬೇಕು. ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಜಡ್ಡಲ್ಲ, ಆಮ್ಲಜನಕದ ಕೊರತೆ. ಮೋಟರ್ ಹಚ್ಚಿ ನೀರು ಎತ್ತರದಿಂದ ಚದುರಿ ಬೀಳುವಂತೆ ಮಾಡಿ, ಅವತ್ತು ತೌಡು, ಹಿಂಡಿ ಹಾಕಬೇಡಿ. ಒಂದೆರಡು ಮೀನು ಮಾತ್ರ ಗುಂಪು ಬಿಟ್ಟು ನಿಂತಿದ್ದರೆ, ಪ್ಲಾಸ್ಟಿಕ್ ಹಾಳೆಗೆ ಮೈ ಉಜ್ಜುತ್ತಿದ್ದರೆ, ಕೆಂಪು ಹುಣ್ಣು ಇಲ್ಲವೆ ಅರಳೆಯಂಥ ಬಿಳಿ ಬೂಸ್ಟು ಕಂಡರೆ ಆಗ ಚಿಕಿತ್ಸೆಯ ಮಾತು.

ಅಂಥ ಮೀನನ್ನು ಒದ್ದೆ ಕೈಯಲ್ಲೇ ಹಿಡಿಯಿರಿ. ಮೈಮೇಲಿನ ಲೋಳೆಯೇ ಅದರ ಕವಚ. ಒಣ ಕೈ, ಒರಟು ಬಲೆ ತಾಗಿದರೆ ಅದು ಕಿತ್ತು ಬರುತ್ತದೆ, ಬೂಸ್ಟು ಹಿಡಿಯುವುದು ಅಲ್ಲೇ. ನೆರಳಿನಲ್ಲಿ ಒಂದು ಡ್ರಮ್ ಇಟ್ಟು 100 ಲೀಟರ್ ಹೊಂಡದ ನೀರು ತುಂಬಿ, 300 ಗ್ರಾಂ ಹರಳುಪ್ಪು ಕರಗಿಸಿ. ಎಣ್ಣೆ-ಔಷಧಿ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ. ಅಂಗೈಯುದ್ದದ ಎರಡು ಮೂರು ಮೀನು ಸಾಕು. ಅಕ್ವೇರಿಯಂನ ಸಣ್ಣ ಗಾಳಿ ಪಂಪ್ ಹಾಕಿ, ಹಾರದಂತೆ ಮೇಲೆ ಬಲೆ ಕಟ್ಟಿ. ದಿನಾ ಮೂರರಲ್ಲೊಂದು ಭಾಗ ನೀರು ಬದಲಿಸಿ, ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಉಪ್ಪು ಹಾಕಿ. ಮೊದಲೆರಡು ದಿನ ಮೇವು ಕೊಡಬೇಡಿ.

ಉಪ್ಪು ಯಾಕೆಂದರೆ, ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು. ಗಾಯದ ಮೂಲಕ ನೀರು ಒಳಗೆ ನುಗ್ಗುತ್ತದೆ, ಒಳಗಿನ ಉಪ್ಪು ಸೋರುತ್ತದೆ. ಅದನ್ನು ಸರಿದೂಗಿಸುವುದರಲ್ಲೇ ಮೀನಿನ ಶಕ್ತಿ ಮುಗಿಯುತ್ತದೆ. ನೀರಿಗೆ ಉಪ್ಪು ಬಿದ್ದರೆ ಆ ಶಕ್ತಿ ಗಾಯ ಮಾಯಲು ಉಳಿಯುತ್ತದೆ. ಅದೇ 300 ಗ್ರಾಂ ಉಪ್ಪನ್ನು 10 ಲೀಟರ್ ಬಕೆಟ್ಟಿಗೆ ಹಾಕಿದರೆ ಅದು ಬೇರೆಯೇ ಔಷಧಿ: ಮೈಗಂಟಿದ ಸಣ್ಣ ಪರಾವಲಂಬಿಗಳಿಗೆ ಎರಡು ಮೂರು ನಿಮಿಷದ ಸ್ನಾನ, ಅಷ್ಟೇ. ಮೀನು ಮಗ್ಗುಲಾದರೆ ತಕ್ಷಣ ಎತ್ತಿಬಿಡಿ. ಮನೆಯಲ್ಲಿ ಮಕ್ಕಳು ಸಾಕಿದ ಗೋಲ್ಡ್ ಫಿಶ್ ಕೂಡ ಗೆಂಡೆಯ ಬಳಗದ್ದೇ. ಡ್ರಮ್ಮಿನ ಲೆಕ್ಕ ಅದಕ್ಕೂ ಹೊಂದುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಬಾಯ್ತೆರೆದು ಇಡಿ.

ಬರಿಗಣ್ಣಿಗೆ ಕಾಣುವ ಚಪ್ಪಟೆ ಮೀನು ಹೇನನ್ನು ಚಿಮಟದಿಂದ ಕೀಳಬಹುದು. ಆದರೆ ಅದು ಮೊಟ್ಟೆ ಇಡುವುದು ಮೀನಿನ ಮೇಲಲ್ಲ, ನೀರೊಳಗಿನ ಗಟ್ಟಿ ವಸ್ತುವಿನ ಮೇಲೆ. ಹೊಂಡದಲ್ಲಿ ಬಿದಿರು ಇಳಿಬಿಟ್ಟು, ನಾಲ್ಕೈದು ದಿನಕ್ಕೊಮ್ಮೆ ತೆಗೆದು ಬಿಸಿಲಿಗೆ ಒಣಗಿಸಿ.

ಹೊಂಡಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವುದಾದರೆ 1,000 ಲೀಟರಿಗೆ 2 ಗ್ರಾಂ, ಬಿಸಿಲು ಏರಿದ ಮೇಲೆ, ಮೀನು ಬಾಯಿ ಬಡಿಯದ ದಿನ. ಅಂಗಡಿಯಲ್ಲಿ ಬರೀ ‘ಪೊಟ್ಯಾಶ್’ ಎಂದರೆ ಗೊಬ್ಬರ ಕೊಟ್ಟಾರು. ನೇರಳೆ ಹರಳು ಎಂದು ಹೇಳಿ. ಕೆಂಪು ಹುಣ್ಣಿಗೆ ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆಯ ಸಿಫಾಕ್ಸ್ ಇದೆ, ಒಂದು ಹೆಕ್ಟೇರಿನ ಒಂದು ಮೀಟರ್ ಆಳದ ನೀರಿಗೆ 1 ಲೀಟರ್.

ಹುಣ್ಣು ಕಂಡರೆ ಸುಣ್ಣ ಎರಚಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಮ್ಮ ಎರೆಭೂಮಿಗೆ ಅದನ್ನು ಕಣ್ಣುಮುಚ್ಚಿ ಒಪ್ಪಲಾರೆ. ಇಲ್ಲಿನ ನೀರು ಮೊದಲೇ ಕ್ಷಾರ. ಸುಣ್ಣ ಬಿದ್ದು ರಸಸಾರ ಏರಿದರೆ ಮೇವು, ಹಿಕ್ಕೆಯಿಂದ ಹುಟ್ಟಿದ ಅಮೋನಿಯ ವಿಷವಾಗುತ್ತದೆ, ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ರಸಸಾರ ನೋಡಿಯೇ ಸುಣ್ಣ ಮುಟ್ಟಿ. ಹತ್ತಿ, ಭತ್ತಕ್ಕೆ ಎಣ್ಣೆ-ಔಷಧಿ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆದರೆ ಯಾವ ಡ್ರಮ್ಮೂ ಮೀನನ್ನು ಉಳಿಸದು.

ಒಂದು ವಾರಕ್ಕೂ ಹುಣ್ಣು ಮಾಯದಿದ್ದರೆ, ಇನ್ನಷ್ಟು ಮೀನಿಗೆ ಹಬ್ಬಿದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತೋರಿಸಿ. ಸತ್ತು ಉಬ್ಬಿದ ಮೀನು ಒಯ್ದರೆ ಕಾರಣ ಸಿಗುವುದಿಲ್ಲ. ಜೀವ ಇರುವ ಮೀನನ್ನು ಹೊಂಡದ ನೀರಿನಲ್ಲೇ ಒಯ್ಯಿರಿ, ಬೇರೆ ಬಾಟಲಿಯಲ್ಲಿ ಅದೇ ನೀರು ಒಂದು ಲೀಟರ್ ಇರಲಿ.